ಮುಷ್ಟಿಯಲ್ಲೊಂದು ತೂತು

ಬಾವುತಿ ಸಂತೆಯಲ್ಲಿ ನಾಲ್ಕು ಝ್ವೊತಿಗೆ ಕೊಂಡೆ ಇವನನ್ನು:
ಗೇಣುದ್ದದ ಸಿಪಾಯಿ, ಒಂದು ಬೂಟು ನಾಯಿ ಅಗಿದದ್ದು,
ಮುಖದ ಮೇಲೆ ಕಾರ್ಖಾನೆ ಒತ್ತಿ ಕಳಿಸಿದ ಸಿಟ್ಟು.
ಬಂದೂಕು ಯಾವತ್ತೋ ಕಳೆದುಹೋಗಿದೆ.
ಬಲಮುಷ್ಟಿ ಮಾತ್ರ ಅದನ್ನಿನ್ನೂ ಹಿಡಿದೇ ಇದೆ,
ನಡುವೆ ಹುರುಳಿಕಾಳು ತೂರುವಷ್ಟು ತೂತು.

ನನಗೆ ಐವತ್ತೇಳು. ಟ್ರಾಮು ಓಡಿಸುತ್ತೇನೆ,
ವೂಚ್ ಊರಲ್ಲಿ. ವೂಚ್ ಅಂದರೆ ದೋಣಿ;
ಹೊಳೆಗಳನ್ನೆಲ್ಲ ನೆಲದಡಿಯ ಕೊಳವೆಗೆ ತುರುಕಿ
ಹೆಸರು ಮಾತ್ರ ಉಳಿಸಿಕೊಂಡ ಊರು.
ಬಣ್ಣವೆಂದರೆ ನನಗೆ ಈ ತನಕ
ಕೆಂಪು ದೀಪ, ಹಸಿರು ದೀಪ.

ಮೊದಲ ರಾತ್ರಿ ತೊಳೆಯದೇ ಬಳಿದೆ.
ಅಚ್ಚಿನ ಎಣ್ಣೆ ಮೈಗಿತ್ತು; ಬಣ್ಣ
ಜಿಡ್ಡು ಬಾಣಲೆಯ ನೀರಿನಂತೆ ಗುಂಡಗೆ ಜಾರಿತು.
ಎರಡನೇ ರಾತ್ರಿ ಪಾತ್ರೆ ಸೋಪು ಹಾಕಿ ತಿಕ್ಕಿದೆ,
ಕುದಿನೀರಲ್ಲಿ ಅದ್ದಿ, ಕುತ್ತಿಗೆ ಮೆತ್ತಗಾದ ಮೇಲೆ
ಟಪ್ಪೆಂದು ಕಿತ್ತೆ ತಲೆ.
ಚಹಾ ಬಟ್ಟಲ ಪಕ್ಕ ರುಂಡವೊಂದು
ಆವಿಯಾಡುತ್ತ ಕೂತಿತ್ತು. ನಕ್ಕೆ,
ಒಬ್ಬಳೇ, ಗಟ್ಟಿಯಾಗಿ.

"ಹಾಲಿನ ಹದಕ್ಕೆ ಇಳಿಸಬೇಕು ಬಣ್ಣ,
ಗಂಜಿಯ ಹದಕ್ಕಲ್ಲ," ಅಂದ ಇಗ್ನಾತ್ಸಿ,
ಅಕ್ಕನ ಮೊಮ್ಮಗ, ಹನ್ನೆರಡು ವರ್ಷದ ನನ್ನ ಗುರು.
"ತೆಳ್ಳಗೆ ಒಂದು ಕೈ. ಒಣಗಲಿ. ಆಮೇಲೆ ಇನ್ನೊಂದು.
ಅವಸರ ಮಾಡಬೇಡ ಬೋಗ್ನಾ ಅಜ್ಜಿ."
ಮೂವತ್ತು ವರ್ಷ ಗಡಿಯಾರದ ಮುಳ್ಳಿಗೆ ಜೋತುಬಿದ್ದವಳಿಗೆ
ಅವಸರ ಬೇಡ ಅಂತೆ!

ಕಣ್ಣು. ಕಣ್ಣಿನ ಮಾತೆತ್ತಬೇಡಿ.
ಹಲ್ಲುಕಡ್ಡಿಯ ಮೊನೆಯಲ್ಲಿ ಎಡಗಣ್ಣು ಇಟ್ಟೆ, ಚೆನ್ನಾಗಿತ್ತು.
ಬಲಗಣ್ಣು ಇಟ್ಟೆ: ಅದು ಕಿಟಕಿಯಾಚೆ ಏನನ್ನೋ ನೋಡುತ್ತಿತ್ತು.
ಅಳಿಸಿದೆ. ಇಟ್ಟೆ. ಈಗ ಬೆಚ್ಚಿಬಿದ್ದವನು.
ಅಳಿಸಿದೆ. ಉಸಿರು ಬಿಗಿಹಿಡಿದು ಇಟ್ಟೆ:
ಈಗ ಸಾಲ ಕೇಳಲು ಬಂದವನು.
ಏಳನೇ ಸಲಕ್ಕೆ ಎಪಾಕ್ಸಿ ಜೇಡಿಯಲ್ಲಿ
ಟೋಪಿಯನ್ನೇ ಕೆಳಗೆಳೆದುಬಿಟ್ಟೆ, ಮೂಗಿನ ತನಕ.
ಚಳಿಗಾಲವಲ್ಲವೇ.

ಇವನು ಯಾರಾಗಬೇಕೆಂದು ಹೇಳಲೇ ಇಲ್ಲ.
ಲುತ್ಸಿಯಾನ್. ಹಿಮ ಬಿದ್ದ ನಸುಕಿನಲ್ಲಿ
ಹಳಿ ಕವಲೊಡೆಯುವ ಕಡೆ ಬಗ್ಗಿ ನಿಂತು
ಸಂದು ಗುಡಿಸುವವನು.
ಅವನು ಗುಡಿಸದಿದ್ದರೆ ನನ್ನ ಟ್ರಾಮು
ತಿರುಗಬೇಕಾದಲ್ಲಿ ತಿರುಗುವುದಿಲ್ಲ.
ಇಪ್ಪತ್ತು ಚಳಿಗಾಲ ಗಾಜಿನೊಳಗಿಂದ ನಾನು ಕೈಯೆತ್ತಿದ್ದೇನೆ,
ಅವನು ಪೊರಕೆ ಎತ್ತಿದ್ದಾನೆ. ಅಷ್ಟೇ ಪರಿಚಯ.
ಮಾರ್ಚಿಗೆ ನಿವೃತ್ತಿ. ಇನ್ನು ಹಳಿಗೇ
ಬಿಸಿ ತಂತಿ ಹಾಯಿಸುತ್ತಾರಂತೆ.

ತೂತಿಗೆ ಬೆಂಕಿಕಡ್ಡಿ ಸಿಕ್ಕಿಸಿದೆ,
ತುದಿಗೆ ಹಳೇ ಹಲ್ಲುಜ್ಜುವ ಬ್ರಷ್ಷಿನ ಎಳೆಗಳು.
ಬಂದೂಕಿಗೆಂದು ಬಾಗಿದ ಬೆರಳು
ಪೊರಕೆಗೂ ಸರಿಹೋಯಿತು.
ಬೆರಳಿಗೇನು ಗೊತ್ತು.

ಕಿತ್ತಳೆ ಕೋಟಿಗೆ ಸ್ಪ್ರೇ ಹೊಡೆದದ್ದು ಬಾಲ್ಕನಿಯಲ್ಲಿ,
ಸೊನ್ನೆಗಿಂತ ಎಂಟು ಕೆಳಗೆ. ತಪ್ಪು.
ವಾರವಾದರೂ ಒಣಗಲಿಲ್ಲ. ಹೀಟರಿನ ಮೇಲಿಟ್ಟರೂ ಅಂಟು.
ಮೊಣಕೈ ಮಡಿಸಿದರೆ ಬಣ್ಣ ಎದ್ದುಬಂದು
ಒಳಗಿನ ಹಸಿರು ಸಿಪಾಯಿ ಇಣುಕುತ್ತಾನೆ.

ಹಾಗೇ ಒಯ್ದೆ, ಜ್ಯಾಮ್ ಬಾಟಲಿಯೊಳಗೆ ನಿಲ್ಲಿಸಿ.
ಗೇಟಿನ ಬಳಿ ಟ್ರಾಮು ನಿಲ್ಲಿಸಿ ಇಳಿದೆ.
ಕೈಗವಸು ಕಳಚಿ, ಹೊರತೆಗೆದು, ದೀಪದ ಕಂಬದಡಿ
ತಿರುಗಿಸಿ ತಿರುಗಿಸಿ ನೋಡಿದ. ಮೂಗು ಸೀಟಿದ.
"ನಾನು ಎಡಚ," ಅಂದ.

ಇಪ್ಪತ್ತು ಚಳಿಗಾಲ!
ಎದುರು ನಿಂತವನ ಎಡಗೈ
ನನ್ನ ಬಲಕ್ಕೆ ಕಾಣುತ್ತದೆ ಅನ್ನುವುದು
ಒಮ್ಮೆಯೂ ಹೊಳೆದಿರಲಿಲ್ಲ.

ಕೊಡು, ಸರಿಮಾಡಿ ತರುತ್ತೇನೆ ಅಂದೆ.
ಕೊಡಲಿಲ್ಲ. ಕೋಟಿನ ಬೆನ್ನಲ್ಲಿ ಆಗಲೇ
ಅವನ ಹೆಬ್ಬೆಟ್ಟು ಒತ್ತಿ ಕೂತಿತ್ತು,
ಗೆರೆ ಗೆರೆಯಾಗಿ.
ಹಿಂದಿನ ಟ್ರಾಮು ಗಂಟೆ ಬಾರಿಸಿತು.