ಮೈಕ್ ಖಾಲಿ ಇಲ್ಲ

ಶಿವಮೊಗ್ಗದ ಗಾಂಧಿ ಬಜಾರಿನ ಹಿಂದಿನ ಓಣಿ,
ಪಾತ್ರೆ ಅಂಗಡಿಗೂ ಹೊಲಿಗೆ ಮಿಷನ್ನಿಗೂ ನಡುವೆ
ದಸ್ತಗೀರ್ ಸಾಬರ ಸೌಂಡ್ ಸಿಸ್ಟಂ.
ಎರಡು ಹಾರ್ನು, ಒಂದು ಆಂಪ್ಲಿಫೈಯರ್, ನಿಲ್ಲುವ ಮೈಕು,
ಕಂಬ ಹತ್ತಲು ನಾನು,
ಎಲ್ಲ ಸೇರಿ ದಿನಕ್ಕೆ ಮುನ್ನೂರು.
ಹಲಗೆಯ ಮೇಲೆ ಬರೆದು ಗೋಡೆಗೆ ಹಾಕಿತ್ತು,
ಕೆಳಗೆ ಸಣ್ಣಕ್ಷರದಲ್ಲಿ: ಸಾಲ ಕೇಳಬೇಡಿ.

ಕೆಂಪು ಬಾವುಟದವರು ಬಂದರೂ ಮುನ್ನೂರು,
ಕೇಸರಿಯವರಿಗೂ ಅಷ್ಟೆ, ಹಸಿರು ಶಾಲಿನವರಿಗೂ.
ಒಮ್ಮೆ ಬೆಳಿಗ್ಗೆ ಒಬ್ಬರು ಇನ್ನೊಬ್ಬರನ್ನು ಕಳ್ಳ ಎಂದರು.
ಸಂಜೆ ಆ ಇನ್ನೊಬ್ಬರು, ಅದೇ ಮೈಕಿನಲ್ಲಿ,
ಕಳ್ಳ ನಿಜವಾಗಿ ಯಾರೆಂದು ತಿಳಿಸಿದರು.
ನಡುವೆ ನಾನು ಜಾಲರಿಯ ಎಂಜಲು ಒರೆಸಿದ್ದೆ,
ನನ್ನ ಅಂಗಿ ತುದಿಯಲ್ಲೇ.
ಗಾಳಿ ತಿರುಗಿದರೆ
ತುಂಗೆಯಾಚೆಗೂ ಕೇಳುತ್ತಿತ್ತು ಬೈಗುಳ.
'ಇವರಿಗ್ಯಾಕೆ ಕೊಟ್ರಿ ಸಾಬ್ರೆ' ಅಂದರೆ
ಬೀಡಿ ತುದಿ ಕಡಿದು ಹೇಳುತ್ತಿದ್ದರು:
'ನೋಟು ಬೆಳಕಿಗೆ ಹಿಡಿದು ನೋಡ್ತೀನಿ ಕಣೋ.
ಪಕ್ಷ ಕಾಣ್ಸಲ್ಲ.'

ಅದು ಬರೀ ವ್ಯಾಪಾರ. ಈಗ ಯೋಚಿಸಿದರೆ
ಅದಕ್ಕಿಂತ ದೊಡ್ಡದೇನೋ ಆ ವ್ಯಾಪಾರದ ಜೊತೆಗೆ
ಪುಕ್ಕಟೆ ಓಡಾಡಿಕೊಂಡಿತ್ತು ಊರಲ್ಲಿ,
ಬಸ್ಸಿನಲ್ಲಿ ತೊಡೆ ಮೇಲೆ ಕೂತ ಮಗುವಿನ ಹಾಗೆ.

ಆಮೇಲೆ ಸಂತೆ ಮೈದಾನಕ್ಕೆ ತಗಡಿನ ಬೇಲಿ ಬಿತ್ತು.
ಬೇಲಿಯ ಮೇಲೆ ಚಿತ್ರ: ಗಾಜಿನ ಕಟ್ಟಡ,
ನಗುವ ಬಿಳಿ ಜನ, ಬಿಳಿ ನಾಯಿ,
ನಮ್ಮ ಸೀಮೆಯಲ್ಲಿ ಬೆಳೆಯದ ಮರ.
ಕಾಗದ ಪತ್ರ ಸರಿ ಇತ್ತು. ಬಹಿರಂಗ ಹರಾಜೇ.
ಯಾರು ಬೇಕಾದರೂ ಕೂಗಬಹುದಿತ್ತು,
ಠೇವಣಿಗೆ ನಾಲ್ಕು ಕೋಟಿ ಇದ್ದರೆ.

ಕಂಪನಿಯ ಹುಡುಗ ಅಂಗಡಿಗೆ ಬಂದ. ವಿನಯವಂತ,
ಬೂಟು ಹೊರಗೆ ಬಿಟ್ಟ, ಕೊಟ್ಟ ಚಹಾ ಕುಡಿದ.
ವರ್ಷದ ಗುತ್ತಿಗೆ. ಊರಿನ ಅಷ್ಟೂ ಸೆಟ್ಟು,
ದುಪ್ಪಟ್ಟು ಬಾಡಿಗೆ, ಮುಂಗಡ ಈಗಲೇ.
ಒಂದೇ ಷರತ್ತು: ಬೇರೆಯವರಿಗೆ ಕೊಡುವಂತಿಲ್ಲ.
ಸಾಬರು ಬೆಳಕಿಗೆ ಹಿಡಿದು ನೋಡಿದರು.
ನೋಟು ಅಸಲಿ.
ನನಗೂ ಸಂಬಳ ಏರಿತು, ಸುಳ್ಳು ಯಾಕೆ,
ಮನೆಗೆ ಗ್ರೈಂಡರ್ ತಂದೆ.

ಹಾರ್ನುಗಳು ಗೋದಾಮಿನಲ್ಲಿ ಬಾಯಿ ಕೆಳಗೆ ಮಾಡಿ ಮಲಗಿದವು.
ಒಂದರಲ್ಲಿ ಇಲಿ ಮರಿ ಹಾಕಿತು.

ಸೊಪ್ಪಿನ ಚೌಡಮ್ಮ, ಹಸಿಮೀನಿನ ಜುಲೇಖಾ,
ಪಿನ್ನು ಬಳೆ ತಳ್ಳುಗಾಡಿಯ ಓಬಳೇಶ
ಚಿಲ್ಲರೆ ಸೇರಿಸಿ ಮುನ್ನೂರು ಎಣಿಸಿ ತಂದರು.
'ಭಾನುವಾರ ಸಭೆ ಐತೆ. ಮೈದಾನದ್ದು.'
ಮಾತಾಡಬೇಡಿ ಎಂದು ಯಾರೂ ಅನ್ನಲಿಲ್ಲ.
ಪೊಲೀಸರಿಲ್ಲ, ನಿಷೇಧಾಜ್ಞೆ ಇಲ್ಲ.
ಸಾಬರು ಗೋಡೆಯ ಹಲಗೆ ನೋಡುತ್ತಾ ಹೇಳಿದರು:
'ಮೈಕ್ ಖಾಲಿ ಇಲ್ಲಮ್ಮ.'
ಚೌಡಮ್ಮ ಗೋದಾಮಿನ ಬೀಗ ನೋಡಿದಳು.
ನಾನು ನನ್ನ ಕಾಲು.

ಭಾನುವಾರ ಬೇಲಿಯ ಹೊರಗೆ ಜನವೋ ಜನ.
ಟೊಮೆಟೊ ಕ್ರೇಟು ಮಗುಚಿ ಹತ್ತಿ ನಿಂತಳು ಚೌಡಮ್ಮ.
ಒಂದು ಕಡೆ ಸಿಟಿ ಬಸ್ಸಿನ ಗೊರಗೊರ,
ಇನ್ನೊಂದು ಕಡೆ, ತಗಡಿನಾಚೆ, ಜನರೇಟರು.
ಅವಳ ದನಿ ನಾಲ್ಕನೇ ಸಾಲಿಗೆ ಸುಸ್ತಾಯಿತು.
'ಏನಂದ್ಲು?' ಕೇಳಿದರು ಹಿಂದಿನವರು.
ಮುಂದಿನವರು ತಿರುಗಿ ಹೇಳಿದರು,
ಅವರು ತಮ್ಮ ಹಿಂದಿನವರಿಗೆ.
ಇಟ್ಟಿಗೆ ಸಾಗಿಸುವಾಗ ಬರುತ್ತದಲ್ಲ ಕೈಯಿಂದ ಕೈಗೆ,
ಹಾಗೆ ಬಂತು ಮಾತು, ಅಲ್ಲಲ್ಲಿ ಮೂಲೆ ಒಡೆಯುತ್ತಾ.
ವೇದಿಕೆಯ ಕೆಳಗೇ ಬದುಕು ಕಳೆದವನು ನಾನು,
ತುಟಿ ನೋಡಿದರೆ ಸಾಕು:
ಅವಳು ಅಂದದ್ದು 'ಇದು ನಮ್ಮ ಜಾಗ'.
ನನ್ನ ಹತ್ತಿರ ಬರುವಾಗ ಅದು
'ಇದು ನಮ್ಮ ಜಗಳ' ಆಗಿತ್ತು.
ಯಾವುದನ್ನು ತಿದ್ದಲಿ? ಎರಡೂ ಸರಿಯೆ.
ಕೈ ಸುಮ್ಮನೆ ಜೇಬಿನೊಳಗೆ
ವಾಲ್ಯೂಮಿನ ತಿರುಪು ಹುಡುಕುತ್ತಿತ್ತು.

ಹಿಂದಿನಿಂದ ಒಬ್ಬ ಮುದುಕಿ ಬೆನ್ನು ತಿವಿದಳು:
'ಏನಂತಪ್ಪಾ? ಹೇಳು, ನಮಗೂ ಹೇಳು.'
ಮೂವತ್ತು ವರ್ಷ ಊರಿನ ಬಾಯಿಗಳಿಗೆಲ್ಲ ವೈರು ಎಳೆದವನು
ಗಂಟಲು ಸರಿಮಾಡಿಕೊಂಡೆ.
ಬಾಯಿ ತೆರೆದರೆ, ಹಾಳು ಅಭ್ಯಾಸ,
'ಹಲೋ' ಅಂದೆ.
'ಒಂದು. ಎರಡು. ಮೂರು.'