ಪತ್ತನಾಜೆಯವರೆಗೆ

ಮಂಗಳೂರಿಂದ ಬೈಂದೂರಿಗೆ, ಬೈಂದೂರಿಂದ ಮಂಗಳೂರಿಗೆ
ಮೂವತ್ತೊಂದು ವರ್ಷ ಎಕ್ಸ್‌ಪ್ರೆಸ್ ಬಿಟ್ಟ ದೂಮಪ್ಪ
ಮರವಂತೆಯಲ್ಲಿ ಒಂದು ದಿನವೂ ಕಡಲು ನೋಡಲಿಲ್ಲ.
ಎಡಕ್ಕೆ ಕಡಲು, ಬಲಕ್ಕೆ ಹೊಳೆ, ನಡುವೆ ಇವರು,
ಕಣ್ಣು ಮಾತ್ರ ಎದುರಿನ ಲಾರಿಯ ಮೇಲೆ,
ಕನ್ನಡಿಯಲ್ಲಿ ಓಡಿಬರುವ ಇನ್ನೊಬ್ಬನ ಬಸ್ಸಿನ ಮೇಲೆ.
ಎರಡು ನಿಮಿಷ ತಡವಾದರೆ
ಹೆಮ್ಮಾಡಿಯ ಜನ ಅವನಿಗೆ.

ನಾನು ಉಡುಪಿಯಲ್ಲಿ ನೈಟ್ ಡ್ಯೂಟಿಯ ಗುಲಾಬಿ ಸಿಸ್ಟರ್.
ನನಗೆ ಕಡಲೆಂದರೆ
ಬೆಳಿಗ್ಗೆ ಬಾಗಿಲಿಗೆ ಬರುವ ಬಂಗುಡೆಯ ಬುಟ್ಟಿ,
ಭಾನುವಾರ ಸಂಜೆ ಮಲ್ಪೆಯಿಂದ ಆಂಬುಲೆನ್ಸಿನಲ್ಲಿ ಬರುತ್ತಿದ್ದ
ಕಾಲೇಜಿನ ಹುಡುಗರು, ಕಿವಿಯಲ್ಲಿ ಮರಳು.

ಇಬ್ಬರೂ ನಿವೃತ್ತರಾದ ವರ್ಷ
ಇವರು ಕಿನ್ನಿಗೋಳಿಯ ಯಾವುದೋ ಶಾಲೆಯ
ಹಳೆ ಟೆಂಪೋ ಟ್ರಾವೆಲರ್ ತಂದು ನಿಲ್ಲಿಸಿದರು.
ಎರಡು ಕೋಟ್ ನೀಲಿ ಬಳಿದರೂ ಬೆನ್ನಿನ ಅಕ್ಷರ ಅಳಿಯಲಿಲ್ಲ:
ಮಕ್ಕಳಿದ್ದಾರೆ, ನಿಧಾನ.
ಟೋಲ್‌ನ ಹುಡುಗ ಓದಿ, ನಮ್ಮನ್ನು ನೋಡಿ,
ಇನ್ನೊಮ್ಮೆ ಓದಿದ.

ಒಳಗೆ ಒಂದು ಹಲಗೆಮಂಚ, ಒಂಟಿ ಬರ್ನರಿನ ಒಲೆ,
ನೀರಿನ ಎರಡು ಕ್ಯಾನು, ಕುಚ್ಚಲಕ್ಕಿ, ಒಣಮೀನು,
ಹಗ್ಗದಲ್ಲಿ ಕಟ್ಟಿದ ಮಾವಿನಮಿಡಿಯ ಭರಣಿ.
ಹಂಪ್ ಬಂದರೆ ಇವರ ಎಡಗೈ
ಮೊದಲು ಭರಣಿಗೆ ಹೋಗುತ್ತದೆ, ಆಮೇಲೆ ನನಗೆ.

ಸಂಕ್ರಾಂತಿ ಕಳೆದು ಹೊರಟರೆ ಪತ್ತನಾಜೆಯವರೆಗೆ ತಿರುಗಾಟ,
ಆಟದ ಮೇಳದವರ ಹಾಗೆ.
ಅವರಿಗಾದರೂ ಚೌಕಿ ಉಂಟು, ಕರೆದವರ ಮನೆಯ ಊಟ ಉಂಟು.
ನಮಗೆ ಪಡುಬಿದ್ರಿಯ ಗಾಳಿಮರದ ಅಡಿ ಹನ್ನೊಂದು ರಾತ್ರಿ,
ಕಾಪುವಿನ ದೀಪಸ್ತಂಭ ತಿರುಗಿ ತಿರುಗಿ
ನಮ್ಮ ಪಾತ್ರೆ ಎಣಿಸಿದ್ದು ನಾಲ್ಕು ರಾತ್ರಿ.

ಎಲ್ಲ ಚಂದವೇ ಅಂತ ಹೇಳುವುದಿಲ್ಲ ಮಾರಾಯ್ರೆ.
ಕಕ್ಕಸಿಗೆ ಪೆಟ್ರೋಲ್ ಬಂಕು.
ಏಪ್ರಿಲಿನಲ್ಲಿ ತಗಡಿನ ಮಾಡಿನ ಮೇಲೆ ಒದ್ದೆ ಗೋಣಿ ಹಾಸಿದರೂ
ಒಳಗೆ ನಾವೇ ಬೇಯುವ ಗಂಜಿ.
ಮಧ್ಯರಾತ್ರಿ ಕಿಟಕಿ ಬಡಿದ ಪೋಲೀಸಿನವ
ಗಂಡಹೆಂಡತಿಯಾ ಎಂದು ಕೇಳಿದಾಗ
'ಮೂವತ್ತಾರು ವರ್ಷದಿಂದ ಅದೇ ವಿಚಾರಣೆ ಸಾರ್,
ಇನ್ನೂ ತೀರ್ಪಾಗಿಲ್ಲ' ಅಂದರು ಇವರು.
ತ್ರಾಸಿಯಲ್ಲಿ ಒಂದು ಕೀಲಿಕೈಗಾಗಿ ಜಗಳವಾಡಿ
ಒಂದೇ ಮರಳಲ್ಲಿ ಎರಡು ದಿಕ್ಕಿಗೆ ನಡೆದೆವು.
ಕೀಲಿಕೈ ಭರಣಿಯ ಹಿಂದೆ ಇತ್ತು.

ಬೇಂಗ್ರೆಯಲ್ಲಿ ಬಾಡಿಗೆಯ ಕಯಾಕ್.
ಜಾಕೆಟ್ ಬಿಗಿಯುತ್ತಾ 'ಹೆದರಬೇಡಿ ಅಮ್ಮ' ಅಂದವನ
ಹಣೆಯಲ್ಲಿ ಐದು ಹೊಲಿಗೆ, ಒಂದು ಸೊಟ್ಟ.
ನನ್ನ ವಾರ್ಡಿನದ್ದೇ ಇರಬೇಕು, ಕೇಳಲಿಲ್ಲ.
ಮರುವಾಯಿ ಹೆಕ್ಕುವ ಹೆಂಗಸರು
ಸೊಂಟದ ನೀರಲ್ಲಿ ನನ್ನ ಬೆನ್ನಡಿ ಕೈಯಿಟ್ಟು
'ಬಿಡಿ, ಮೈ ಬಿಡಿ' ಅಂದರು.
ಅರವತ್ತೊಂದು ವರ್ಷ ಹಿಡಿದೇ ಇದ್ದ ಮೈ.
ಒಂಬತ್ತನೆಯ ದಿನ ಬಿಟ್ಟೆ. ತೇಲಿತು.

ಇವರು ನೀರಿಗೆ ಇಳಿಯುವವರಲ್ಲ.
ದಡದಲ್ಲಿ ನನ್ನ ಬೈರಾಸು, ಕನ್ನಡಕ ಹಿಡಿದು ಕೂತು,
ಕಂಡಕ್ಟರ್ ಇಸುಬು ನಿವೃತ್ತಿಗೆ ಕೊಟ್ಟ ಸೀಟಿಯನ್ನು
ಕುತ್ತಿಗೆಗೆ ಹಾಕಿಕೊಂಡಿರುತ್ತಾರೆ.
ಒಂದು ಸೀಟಿ ಅಂದರೆ ನಿಲ್ಲು,
ಎರಡು ಅಂದರೆ ಹೋಗು.
ಇಡೀ ಬೇಸಿಗೆ ಊದಿದ್ದು ಒಂದೇ,
ನೀರು ನನ್ನ ಎದೆಗೆ ಬಂದ ಕೂಡಲೇ.

ನಾಳೆ ಪತ್ತನಾಜೆ.
ಪಡುವಲಲ್ಲಿ ಮೋಡ ತಳವೂರಿದೆ, ಕಡಲಿನ ಸ್ವರ ದಪ್ಪವಾಗಿದೆ.
ಬೆಳಿಗ್ಗೆ ನಾಲ್ಕೂ ನಲವತ್ತಕ್ಕೆ ಎಂದಿನಂತೆ ಇವರಿಗೆ ಎಚ್ಚರ,
ಫಸ್ಟ್ ಟ್ರಿಪ್ಪಿನ ಹೊತ್ತು.
ಮರವಂತೆಯ ಹೊಳೆಬದಿ ಗಾಡಿ ನಿಲ್ಲಿಸಿ ಚಾ ಕುಡಿಯುವಾಗ
ಇವರ ಹಳೆ ಬಸ್ಸು ಹಾರ್ನ್ ಹೊಡೆದು ಹೋಯಿತು.
ಇವರ ಬಲಗಾಲು ತಾನಾಗಿ ಮರಳನ್ನು ಒತ್ತಿತು.

ನಾನು ಹೊಳೆಗೆ ಇಳಿದೆ.
ಸೊಂಟ, ಎದೆ, ಕುತ್ತಿಗೆ.
ಒಂದು ಸೀಟಿ ಕೇಳಿತು. ನಿಂತೆ.
ಗಾಳಿ ಬೀಸಿತು, ಒಂದು ಕೊಕ್ಕರೆ ಹಾರಿತು,
ಆಮೇಲೆ ಇನ್ನೊಂದು.

ಅದು ಎರಡು ಸಲದ ಒಂದೊಂದೋ,
ಉಸಿರು ಸಾಲದೆ ತುಂಡಾದ ಎರಡೋ
ತಿರುಗಿ ನೋಡಿದರೆ ತಿಳಿಯುತ್ತಿತ್ತು.
ಎರಡೆಂದೇ ಲೆಕ್ಕ ಹಿಡಿದು
ಕೈ ಬೀಸಿದೆ.