ತಾಳೆಯಾಗದ ಹನ್ನೊಂದು

ಬೆಣ್ಣಿಹಳ್ಳದ ಸೇತುವೆಗೆ ಬಳಿದ ಅಳತೆಪಟ್ಟಿ
ಎರಡರಿಂದ ಮೇಲಷ್ಟೇ ಓದಲು ಬರುತ್ತದೆ.
ಸೊನ್ನೆ ಮತ್ತು ಒಂದು
ಹಳ್ಳವೇ ತಂದ ಹೂಳಿನೊಳಗೆ.

ನನ್ನ ಕೆಲಸ ದೊಡ್ಡದಲ್ಲ. ಬೆಳಿಗ್ಗೆ ಎಂಟೂವರೆಗೆ
ಮಳೆಮಾಪಕದ ನೀರನ್ನು ಗಾಜಿನ ಕೊಳವೆಗೆ ಸುರಿದು
ಕಣ್ಣನ್ನು ನೀರಿನ ಮಟ್ಟಕ್ಕಿಳಿಸಿ ಓದುವುದು.
ಸೋಮವಾರಕ್ಕೊಮ್ಮೆ ಹೊಲಕ್ಕಿಳಿದು
ಗೇಣಾಳ, ಮೊಳದಾಳ, ಎರಡು ಮೊಳದಾಳದಿಂದ
ಎರಿಮಣ್ಣು ಕೊರೆದು ಡಬ್ಬಿಗೆ ತುಂಬುವುದು,
ಹಣೆಯ ಬೆವರು ಅದರೊಳಗೆ ಬೀಳದ ಹಾಗೆ.

ಹಸಿಯ ತೂಕ ಬರೆದು
ನೂರೈದು ಡಿಗ್ರಿಯ ಒಲೆಯಲ್ಲಿ ಒಂದು ಹಗಲು, ಒಂದು ರಾತ್ರಿ.
ಮತ್ತೆ ತೂಕ.
ಕಡಿಮೆಯಾದದ್ದೇ ನೀರು.

ಹನ್ನೆರಡು ವರ್ಷದಿಂದ ನೀರು ಅಳೆಯುತ್ತೇನೆ,
ಡಬ್ಬಿಯೊಳಗಿನ ಆ ನೀರನ್ನು ಒಮ್ಮೆಯೂ ನೋಡಿಲ್ಲ.
ಖೋಲಿ ತುಂಬ ಮೊದಲ ಮಳೆಯ ವಾಸನೆ ಮಾತ್ರ,
ಜನವರಿಯಲ್ಲೂ.

ನನಗಿಂತ ಮೊದಲು ಈ ಕುರ್ಚಿಯಲ್ಲಿದ್ದವರು
ಹುಸೇನಸಾಬ ನದಾಫರು. ನವಲಗುಂದದ ಕಿರಾಣಿ ಅಂಗಡಿಯಲ್ಲಿ
ಲೆಕ್ಕ ಬರೆದು ಪಳಗಿದ ಕೈ.
ಮಳೆ: ಜಮಾ. ಹಳ್ಳಕ್ಕೆ ಹರಿದದ್ದು: ಖರ್ಚು.
ಬಿಸಿಲು ಕುಡಿದದ್ದು, ಬೆಳೆ ಉಸಿರಾಡಿದ್ದು: ಖರ್ಚು, ಖರ್ಚು.
ಮಣ್ಣು ಹಿಡಿದಿಟ್ಟುಕೊಂಡದ್ದರ ಎದುರು
ನೀಲಿ ಶಾಯಿಯಲ್ಲಿ: ಉದ್ರಿ.
ಇಷ್ಟೆಲ್ಲ ಕೂಡಿ ಕಳೆದ ಮೇಲೂ ವರ್ಷದ ಕೊನೆಗೆ
ಹನ್ನೊಂದು ಮಿಲಿಮೀಟರ್ ತಾಳೆಯಾಗುವುದಿಲ್ಲ.
ಒಂದು ವರ್ಷ ಒಂಬತ್ತು, ಒಂದು ವರ್ಷ ಹದಿನಾಲ್ಕು,
ಹೆಚ್ಚಾಗಿ ಹನ್ನೊಂದು.
ಅದರ ಮುಂದೆ ಅವರು "ದೇವರಿಗೆ ಗೊತ್ತು" ಎಂದು ಬರೆದು,
ಸರ್ಕಾರಿ ಪುಸ್ತಕವಲ್ಲವೇ, ಹೊಡೆದುಹಾಕಿದ್ದಾರೆ.

ಹೋದ ಆಗಸ್ಟ್‌ನಲ್ಲಿ ಹಳ್ಳ ಬಂತು.
ಇಲ್ಲಿ ಮೋಡವೇ ಇರಲಿಲ್ಲ. ಮೇಲೆ ಶಿಗ್ಗಾವಿ ಕಡೆ ಸುರಿದದ್ದು
ಹುಬ್ಬಳ್ಳಿಯ ಚರಂಡಿಯನ್ನೂ ಕರೆದುಕೊಂಡು
ರಾತ್ರಿ ಎರಡಕ್ಕೆ ಹೆಸರಿನ ಹೊಲ ದಾಟಿ ಅಂಗಳಕ್ಕೆ.
ಮಳೆಮಾಪಕ ಮುಳುಗಿ ತುಂಬಿತ್ತು.
ಬೆಳಿಗ್ಗೆ ಎಂಟೂವರೆಗೆ ಮಾಳಿಗೆಯ ಮೇಲೆ ಕೂತು
ಪೆನ್ನು ಹಿಡಿದು ಯೋಚಿಸಿದೆ:
ಆಕಾಶದಿಂದ ಬಿದ್ದದ್ದು ಸೊನ್ನೆ.
ಸೊನ್ನೆ ಎಂದೇ ಬರೆದೆ.
ಎದೆಮಟ್ಟದ ಸೊನ್ನೆ.

ನೀರು ಇಳಿದ ವಾರ ಫಕೀರವ್ವ ಬಂದಳು;
ನಾನು ಕೊರೆಯುವ ಹೊಲ ಅವಳದೇ.
ಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ, ಉಂಡೆಯನ್ನು ಕೈಬಿಟ್ಟು,
ಅದು ಬಿದ್ದ ರೀತಿ ನೋಡಿ,
"ಇನ್ನಾ ಹದ ಬಂದಿಲ್ಲ, ಎಂಟು ದಿನ ತಡೀರಿ" ಅಂದಳು.
ನನ್ನ ಒಲೆಯೂ ಅದನ್ನೇ ಹೇಳಿತು,
ಮಾರನೆಯ ದಿನ, ಎರಡು ದಶಮಾಂಶದವರೆಗೆ.

ಹನ್ನೊಂದರ ವಿಷಯ ಅವಳಿಗೆ ಹೇಳಿದೆ.
ಅವಳು ಕೀಲಿಕೈಯ ವಿಷಯ ಹೇಳಿದಳು.
ಮದುವೆಯಾದ ವರ್ಷದ ಬೇಸಿಗೆ, ಎರಿ ಬಾಯಿ ಬಿಟ್ಟಾಗ,
ಟ್ರಂಕಿನ ಕೀಲಿಕೈ ಸೊಂಟದಿಂದ ಜಾರಿ ಬಿರುಕಿಗೆ ಬಿತ್ತು.
ತೋಳು ಪೂರ್ತಿ ಇಳಿಸಿದರೂ ಸಿಗಲಿಲ್ಲ.
ಮಳೆಗೆ ಬಿರುಕು ಮುಚ್ಚಿತು; ಅತ್ತೆ ಬೀಗ ಒಡೆಸಿದಳು.
"ಒಂಬತ್ತು ವರ್ಷ ಆದಮ್ಯಾಲೆ ಕುಂಟಿಯ ಕುಡಕ್ಕ ಸಿಕ್ಕು
ತಾನ ಮ್ಯಾಲೆ ಬಂತ್ರಿ. ಎರಿ ನುಂಗತೈತಿ, ಮಗ್ಗಲಾ ಹೊರಳತೈತಿ,
ಆದ್ರ ಇಟ್ಕೊಳ್ಳಂಗಿಲ್ಲ."

ಇಟ್ಟುಕೊಳ್ಳುತ್ತದೆ ಎನ್ನುತ್ತದೆ ನನ್ನ ಕೈಪಿಡಿ:
ಯಾವ ಬೇರಿನ ಎಳೆತಕ್ಕೂ ಬಗ್ಗದಷ್ಟು ಬಿಗಿಯಾಗಿ
ಕಣಕಣದ ಸುತ್ತ ಒಂದು ಪೊರೆ ನೀರು.
ಬೆಳೆ ಬಾಡಿ ನಿಂತ ಹೊಲದ ಮಣ್ಣೂ
ಒಲೆಗೆ ಹೋಗಿ ಹಗುರಾಗಿ ಬರುತ್ತದಲ್ಲ, ಅದು.
ನಾನು ವಾದಿಸಲಿಲ್ಲ. ಕೀಲಿಕೈ ಅವಳ ಸೊಂಟದಲ್ಲೇ ಇತ್ತು,
ತೆರೆಯಲು ಬೀಗವಿಲ್ಲದೆ.

ಈಗ ಡಿಸೆಂಬರ್. ಹಸ್ತದ ನಂತರ ಒಂದು ಹನಿ ಇಲ್ಲ.
ಹಿಂಗಾರಿ ಜೋಳ ಆಳೆತ್ತರ, ಪೂರಾ ಉದ್ರಿಯ ಮೇಲೆ.
ಹಳ್ಳದ ನಡುವೆ ಪಾದ ತೊಯ್ಯುವಷ್ಟು ಸವಳು ನೀರು;
ಎಲ್ಲಿಂದ ಎಂದು ಬಗ್ಗಿ ನೋಡಿದರೆ
ದಂಡೆಯ ಮಣ್ಣು ಬೆವರುತ್ತಿದೆ, ಬೆರಳಗಲದ ಒಂದು ಗೆರೆಯಲ್ಲಿ.
ಈ ಆಗಸ್ಟ್‌ನದೋ, ಅದರ ಹಿಂದಿನದೋ.

ವರ್ಷದ ಲೆಕ್ಕ ಮುಗಿಸಿದೆ. ಈ ಸಲವೂ ಹನ್ನೊಂದು,
ಹನ್ನೊಂದೂ ಕಾಲು.
ಷರಾ ಎಂಬ ಅಂಕಣದಲ್ಲಿ "ಕೀಲಿಕೈ" ಎಂದು ಬರೆದು
ಹೊಡೆದುಹಾಕುವ ಮೊದಲು
ಶಾಯಿ ಒಣಗಲೆಂದು ಕಾದೆ.